ಅರವತ್ತು ಕರಿ ಚೀಲಗಳು

ಬೆಳಕಿನ ವಿಜ್ಞಾನ ಕೇಂದ್ರ,
ವಿಶ್ವವಿದ್ಯಾಲಯ
12 ನವೆಂಬರ್ 2023

ಅಕ್ಕ,

ಫೋನಿನಲ್ಲಿ ನೀನು "ಉಂಡೇನು?" ಅನ್ನುತ್ತೀ, ನಾನು "ಉಂಡೆ" ಅನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಅದಕ್ಕೇ ಈ ಕಾಗದ. ಇಲ್ಲಿ ಪ್ರಯೋಗಾಲಯದ ಬಾಗಿಲಲ್ಲೇ ಫೋನನ್ನು ಪೆಟ್ಟಿಗೆಗೆ ಹಾಕಿ ಒಳಗೆ ಹೋಗಬೇಕು. ಅದರ ಪರದೆಯ ಬೆಳಕು ಕೂಡ ನಮ್ಮ ಅಳತೆ ಕೆಡಿಸುತ್ತದೆ. ಬೆಳಕನ್ನು ಓದಲು ಬಂದವರು ದಿನವಿಡೀ ಕತ್ತಲಲ್ಲಿ ಕೂರುತ್ತೇವೆ ಎಂದರೆ ನೀನು ನಗುತ್ತೀ. ನಗು.

ಈಗ ಕೆಲಸದ ಮಾತು. ಶೇಂಗಾಕ್ಕೆ ಬೂಷ್ಟು ಹಿಡಿದರೆ ಅದರಲ್ಲಿ ಒಂದು ವಿಷ ಹುಟ್ಟುತ್ತದೆ. ಬಾಯಿಗೆ ರುಚಿಯಲ್ಲಿ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ವರ್ಷಗಟ್ಟಲೆ ತಿಂದವರ ಲಿವರ್ ಕೆಡುತ್ತದೆ. ಆದರೆ ನೇರಳೆ ಬಣ್ಣಕ್ಕೂ ಆಚೆಯ ಒಂದು ಬೆಳಕು ಬಿಟ್ಟರೆ ಆ ವಿಷ ತಾನೇ ಮಂದವಾಗಿ ಹೊಳೆಯುತ್ತದೆ. ಆ ಹೊಳಪನ್ನು ಅಳೆದು ಯಾವ ಕಾಳು ಕೆಟ್ಟಿದೆ ಎಂದು ಹೇಳುವ ಸಣ್ಣ ಯಂತ್ರ ಮಾಡುವುದೇ ನನ್ನ ಪಿಎಚ್.ಡಿ. ಕೆಲಸ.

ನನಗೆ ನಮ್ಮ ಸೀಮೆಯ ಶೇಂಗಾ ಬೇಕು. ಹೊಸ ಫಸಲಿನವು ಮೂವತ್ತು ಚೀಲ, ಬಿತ್ತನೆಗೆಂದು ಹೋದ ವರ್ಷದಿಂದ ಕಾದಿಟ್ಟವು ಮೂವತ್ತು ಚೀಲ. ಚೀಲಕ್ಕೆ ಎರಡು ಹಿಡಿ ಕಾಳು ಸಾಕು. ಬಿಸಿಲು ತಾಗಿದರೆ ವಿಷ ಕರಗುವುದರಿಂದ ಕರಿ ಬಟ್ಟೆಯ, ಎರಡು ಪದರದ ಚೀಲಗಳಾಗಬೇಕು. ಇಂಥ ಚೀಲ ಇಲ್ಲಿ ಯಾರೂ ಹೊಲಿಯುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೀನು ಹೊಲಿದದ್ದು ಬೇಕು.

ನಿನ್ನ,
ಉಮಾ


ಮಸ್ಕಿ
3 ಡಿಸೆಂಬರ್ 2023

ತಂಗಿ ಉಮಾದೇವಿಗೆ,

ನಮ್ಮೂರು ಮುಕ್ಕುಂದದ ಶಾಲೆಯಲ್ಲಿ ಕಾಗದವನ್ನು ಆಡಿದ ಹಾಗೆ ಬರೆದರೆ ಮಾಸ್ತರರು ಕಿವಿ ಹಿಂಡುತ್ತಿದ್ದರು. ಅದಕ್ಕೇ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿ ನಗಬೇಡ.

ಮಸ್ಕಿಯಲ್ಲಿ ಸಿಕ್ಕ ಕರಿ ಬಟ್ಟೆಯನ್ನು ಬಿಸಿಲಿಗೆ ಹಿಡಿದರೆ ಜರಡಿಯ ಹಾಗಿತ್ತು. ಸಿಂಧನೂರಿಗೆ ಹೋಗಿ ದಪ್ಪ ಪಾಪ್ಲಿನ್ ತಂದೆ. ಅಂಗಡಿಯವನು, "ಇಷ್ಟು ಕರಿ ಅರಿವಿ ಯಾಕ್ರೀ ಅಕ್ಕಾರ, ವಕೀಲರ ಕೋಟ್ ಹೊಲಿತೀರೇನು?" ಎಂದ. "ನಮ್ಮ ತಂಗಿ ಬೆಳಕಿನ ಓದು ಓದಾಕತ್ಯಾಳ, ಅಕೀಗೆ" ಎಂದೆ. ಅವನಿಗೆ ತಿಳಿಯಲಿಲ್ಲ. ನನಗೂ ಪೂರ್ತಿ ತಿಳಿದಿಲ್ಲ. ಆದರೂ ಹೇಳುವಾಗ ಎದೆ ಉಬ್ಬಿತು.

ಹೊಸ ಕಾಯಿ ಲಿಂಗಸುಗೂರು, ಮುದಗಲ್ ಕಡೆಯಿಂದ ಸುಲಭವಾಗಿ ಸಿಕ್ಕವು. ಬೀಜದ ಕಾಯಿಗೇ ತ್ರಾಸಾಯಿತು. ಲಿಂಗಸುಗೂರು ರಸ್ತೆಯ ಹಳ್ಳಿಯ ಯಮನಮ್ಮ ನಿನಗೆ ಗೊತ್ತಲ್ಲ, ನನ್ನ ಹೊಲಿಗೆ ಅಂಗಡಿಯ ಹಳೆಯ ಗಿರಾಕಿ. ಕೇಳಿದ ಕೂಡಲೇ ಮುಖ ತಿರುವಿದಳು. "ತಿನ್ನಾಕ ಕೇಳು, ಒಂದು ಚೀಲ ಕೊಡ್ತೀನಿ. ಬೀಜ ಅಂದ್ರ ಮನಿ ಮಗಳಿದ್ದಂಗ. ಮುತ್ತೈದಿ ಕೈಲೆ ಅರಿಷಿಣ ಹಚ್ಚಿಸದ ಬರೇ ಮೈಲೆ ಹೊರಗ ಕಳಸಂಗಿಲ್ಲ" ಎಂದಳು. ಮಸ್ಕಿ ಬಿಡುವ ಮೊದಲು ಹಚ್ಚಿಸಿಯೇ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ತಾನೂ ಕೊಟ್ಟಳು, ಬೀಗರ ಮನೆಗಳಿಂದಲೂ ಕೊಡಿಸಿದಳು.

ಎಲ್ಲ ಆಯಿತು. ಅರವತ್ತು ಚೀಲ ಅಂಚೆಗೆ ಹಾಕಿದ್ದೇನೆ. ಒಳಗಿನ ಹೊಲಿಗೆ ಎರಡೆರಡು ಸಲ ಹಾಕಿದ್ದೇನೆ, ಬೆಳಕು ಎಲ್ಲಿಂದ ನುಸುಳುತ್ತದೋ ನೋಡೋಣ.

ನಿನ್ನ ಅಕ್ಕ,
ಯಮನೂರಮ್ಮ


ಬೆಳಕಿನ ವಿಜ್ಞಾನ ಕೇಂದ್ರ
18 ಫೆಬ್ರವರಿ 2024

ಅಕ್ಕ,

ಹೊಳೆದವು.

ಬೀಜದ ಮೂವತ್ತು ಚೀಲಗಳಲ್ಲಿ ಇಪ್ಪತ್ತೆಂಟರ ಕಾಳು ಹೊಳೆದವು. ಹೊಸ ಫಸಲಿನ ಮೂವತ್ತರಲ್ಲಿ ಒಂದೂ ಇಲ್ಲ. ವರ್ಷ ಕಳೆದ ಕಾಳಿಗೆ ಬೂಷ್ಟು ಹೆಚ್ಚೆಂದು ನಮಗೆ ಗೊತ್ತಿತ್ತು. ಆದರೆ ಯಂತ್ರ ಹಳೆಯದು ಯಾವುದು, ಹೊಸದು ಯಾವುದು ಎಂದು ಚೀಟಿ ನೋಡದೆ ಬೇರೆ ಮಾಡಿತು. ಬಣ್ಣ ಮಾತ್ರ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹಳದಿ. ನಮ್ಮ ಸೀಮೆಯ ಬೂಷ್ಟಿನ ಗುಣವೇ ಬೇರೆ ಇರಬಹುದು ಅಂದುಕೊಂಡಿದ್ದೇನೆ.

ನನ್ನ ಗೈಡ್ ಮೇಡಂ ಎರಡು ವರ್ಷದಲ್ಲಿ ಮೊದಲ ಸಲ ತಮ್ಮ ಕೋಣೆಗೆ ಕರೆದು ಚಹಾ ಕೊಟ್ಟರು. ಮೇ ಕೊನೆಗೆ ದೆಹಲಿಯಲ್ಲಿ ದೊಡ್ಡ ಸಮ್ಮೇಳನವಿದೆ, ಅಲ್ಲಿ ನಾನೇ ಮಾತಾಡಬೇಕಂತೆ. ಹಸಿರು ಇಳಕಲ್ ಸೀರೆ ಕಳಿಸುತ್ತೀಯಾ? ನೀನು ಉಟ್ಟು ಬಿಟ್ಟದ್ದು, ಟ್ರಂಕಿನಲ್ಲಿರುವುದು.

ಉಮಾ


ಮಸ್ಕಿ
6 ಮಾರ್ಚ್ 2024

ಉಮಾ,

ಸೀರೆಗೆ ಫಾಲ್ ಹಚ್ಚುತ್ತಿದ್ದೇನೆ. ನಿನ್ನ ಕಾಗದವನ್ನು ಪಕ್ಕದ ಮನೆಯ ಆದಮ್ಮನಿಗೆ ಓದಿ ಹೇಳಿದೆ, ಅವಳು ಓಣಿಗೆಲ್ಲ ಹೇಳಿದಳು. ಯಮನಮ್ಮನಿಗೆ ಸುದ್ದಿ ಮುಟ್ಟಿದ ದಿನವೇ ಸೊಸೆ ಗಂಗಾಳ ಕೈಯಿಂದ ಶೇಂಗಾ ಕಸಿದುಕೊಂಡಳಂತೆ. ಗಂಗಾಗೆ ಈಗ ಎರಡು ತಿಂಗಳು, ಬಾಯಿ ಬಯಕೆ. ಅತ್ತೆ ಕಾಯುವುದು, ಸೊಸೆ ಕದಿಯುವುದು ನಡೆದಿದೆ.

ನೀನು ಏಳು ವರ್ಷದವಳಿದ್ದಾಗ ಅವ್ವ ಹೋದಳು. ಅಂದು ನಿನ್ನ ಕೈ ಹಿಡಿದು ನಿಂತಾಗ ಈ ಹುಡುಗಿಯನ್ನು ಏನು ಮಾಡಲಿ ಎಂದು ಹೆದರಿದ್ದೆ. ಈಗ ದೆಹಲಿಯಲ್ಲಿ ಮಾತಾಡುತ್ತೀ. ನನಗೆ ಬಹಳ ಸಂತೋಷವಾಗಿದೆ, ಅದನ್ನು ಬರೆಯದೆ ಇರಲಾರೆ.

ಅಕ್ಕ


ಬೆಳಕಿನ ವಿಜ್ಞಾನ ಕೇಂದ್ರ
14 ಏಪ್ರಿಲ್ 2024

ಅಕ್ಕ,

ಸೀರೆ ಬಂತು. ಚೆನ್ನಾಗಿದೆ.

ಡಿಸೆಂಬರಿನ ನಿನ್ನ ಕಾಗದವನ್ನು ಮತ್ತೆ ಓದಿದೆ. ಬೀಜಕ್ಕೆ ಅರಿಶಿನ ಹಚ್ಚಿಸುತ್ತೇನೆ ಎಂದು ಯಮನಮ್ಮನಿಗೆ ಮಾತು ಕೊಟ್ಟಿದ್ದೆಯಲ್ಲ, ಹಚ್ಚಿದ್ದು ಎಲ್ಲಿ? ಚೀಲದ ಹೊರಗೋ, ಒಳಗೋ? ಯಾರು ಹಚ್ಚಿದರು? ಸುಮ್ಮನೆ ಕೇಳುತ್ತಿದ್ದೇನೆ, ಗಾಬರಿಯಾಗಬೇಡ.

ಉಮಾ


ಮಸ್ಕಿ
25 ಏಪ್ರಿಲ್ 2024

ಉಮಾ,

ಸುಮ್ಮನೆ ಕೇಳುವವಳು ಮೂರು ಪ್ರಶ್ನೆ ಕೇಳುವುದಿಲ್ಲ.

ಒಳಗೆ, ಚೀಲದ ಬಾಯಿಯ ಮಡಿಕೆಯ ಕೆಳಗೆ. ಆದಮ್ಮ ಹಚ್ಚಿದಳು. ನಿನ್ನ ಮಾವ ತೀರಿಕೊಂಡು ನನ್ನ ಕುಂಕುಮ ಹೋದ ಮೇಲೆ ಅಂಗಡಿಯಿಂದ ಹೋಗುವ ಶುಭದ ಬಟ್ಟೆಗಳಿಗೆಲ್ಲ ಅವಳೇ ಬಂದು ಅರಿಶಿನ ಮುಟ್ಟಿಸಿ ಕೊಡುತ್ತಾಳೆ, ನಿನಗೆ ಗೊತ್ತೇ ಇದೆ. ಕೊನೆಗೆ ಅರಿಶಿನ ತೀರಿ ಎರಡು ಚೀಲ ಹಾಗೇ ಹೋದವು. ಯಮನಮ್ಮನಿಗೆ ಹೇಳಬೇಡ.

ಏನಾಗಿದೆ, ಬಿಡಿಸಿ ಬರೆ.

ಅಕ್ಕ


ಬೆಳಕಿನ ವಿಜ್ಞಾನ ಕೇಂದ್ರ
9 ಮೇ 2024

ಅಕ್ಕ,

ಬಿಡಿಸಿ ಬರೆಯುತ್ತೇನೆ. ಕೂತು ಓದು.

ದೆಹಲಿಗೆ ಹೋಗುವ ಮೊದಲು ಮೇಡಂ ಒಂದು ಮಾತು ಹೇಳಿದರು: ನಿನ್ನ ಫಲಿತಾಂಶವನ್ನು ಕೆಡವಬಲ್ಲ ಒಂದು ಪರೀಕ್ಷೆ ಯಾವುದೋ, ಅದನ್ನು ನೀನೇ ಮಾಡಿ ಬಾ. ಇಲ್ಲಿನ ಅಂಗಡಿಯಿಂದ ತಾಜಾ ಶೇಂಗಾ ತಂದು, ವಿಷವಿಲ್ಲವೆಂದು ಖಾತ್ರಿ ಮಾಡಿಕೊಂಡು, ನೀನು ಕಳಿಸಿದ ಬೀಜದ ಖಾಲಿ ಚೀಲಗಳಲ್ಲಿ ಹಾಕಿಟ್ಟೆ. ಮರುದಿನ ಅವೂ ಹೊಳೆದವು. ಹೊಳೆಯುತ್ತಿದ್ದುದು ವಿಷವಲ್ಲ, ಅರಿಶಿನ. ಆ ಬೆಳಕಿಗೆ ಅರಿಶಿನ ಬಹಳ ಜೋರಾಗಿ ಹೊಳೆಯುತ್ತದೆ. ಹೊಸ ಫಸಲಿನ ಚೀಲಕ್ಕೆ ಅರಿಶಿನವಿರಲಿಲ್ಲ, ಅದಕ್ಕೇ ಅವು ಹೊಳೆಯಲಿಲ್ಲ. ನಿನ್ನ ಅರಿಶಿನ ತಾಗದ ಆ ಎರಡು ಚೀಲಗಳೇ ನನ್ನ ಲೆಕ್ಕಕ್ಕೆ ಸಿಗದೆ ಉಳಿದಿದ್ದ ಎರಡು ಚೀಲಗಳು. ಬಣ್ಣ ಹಳದಿ ಎಂದು ಬರೆದಿದ್ದೆನಲ್ಲ, ಆಗಲೇ ನನಗೆ ತಿಳಿಯಬೇಕಿತ್ತು. ಗೆದ್ದ ಖುಷಿಯಲ್ಲಿ ನನ್ನ ಕಣ್ಣೇ ಮಂಜಾಗಿತ್ತು. ತಪ್ಪು ನನ್ನದು.

ಮೇಡಂಗೆ ಹೇಳಿದೆ. ಅವರು ದೆಹಲಿಯವರಿಗೆ ತಾವೇ ಬರೆದು ನನ್ನ ಭಾಷಣ ಹಿಂದಕ್ಕೆ ತೆಗೆದುಕೊಂಡರು. ಕೆಲಸ ಒಂದು ವರ್ಷ ಹಿಂದೆ ಹೋಯಿತು.

ಇನ್ನೊಂದು ಮಾತು. ಕತ್ತಲಲ್ಲಿ ಒಂದು ಚೀಲವನ್ನು ಒಳಹೊರಗು ಮಾಡಿ, ಕಣ್ಣಿಗೆ ಕಾಣದ ಆ ಬೆಳಕಿನ ದೀಪ ಹಿಡಿದೆ. ಬಟ್ಟೆ ಕಾಣಲಿಲ್ಲ, ನನ್ನ ಕೈಯೂ ಕಾಣಲಿಲ್ಲ. ಒಂದು ಬೆರಳಿನ ಗುರುತು ಮಾತ್ರ ಹೊಳೆಯುತ್ತಿತ್ತು. ಅದರ ನಡುವೆ ಅಡ್ಡಕ್ಕೆ ಒಂದು ಗೆರೆ ಖಾಲಿ. ಇಪ್ಪತ್ತೆಂಟು ಚೀಲಗಳಲ್ಲೂ ಅದೇ ಗುರುತು, ಅದೇ ಗೆರೆ. ಹೊಲಿಗೆ ಮಷಿನ್ನಿನ ಸೂಜಿ ಸೀಳಿದ ಆ ಬೆರಳು ನನ್ನ ತಲೆ ಬಾಚಿ ಜಡೆ ಹಾಕಿದೆ, ನನಗೆ ಗುರುತು ಸಿಗುವುದಿಲ್ಲವೇ? ಆದಮ್ಮನ ಬೆರಳಿಗೆ ಗಾಯವಾಗಿಲ್ಲ ಅಕ್ಕ.

ಯಾಕೆ ಮುಚ್ಚಿಟ್ಟೆ ಎಂದು ಕೇಳುವುದಿಲ್ಲ. ಫಲಿತಾಂಶ ಹೋಯಿತೆಂದು ಅಳು ಬರಲಿಲ್ಲ. ಆ ಗುರುತು ನೋಡಿ ಅತ್ತುಬಿಟ್ಟೆ.

ನಿನ್ನ,
ಉಮಾ


ಮಸ್ಕಿ
21 ಮೇ 2024

ಉಮಾ,

ಹೌದು, ನಾನೇ ಹಚ್ಚಿದೆ.

ಆದಮ್ಮ ಆ ದಿನ ಮನೆಯಲ್ಲೇ ಇದ್ದಳು. ಕೂಗಿದ್ದರೆ ಬರುತ್ತಿದ್ದಳು. ಕೂಗಲಿಲ್ಲ. ನಿನ್ನ ಕೆಲಸಕ್ಕೆ ಹೋಗುವ ಬೀಜ, ನನ್ನ ಕೈಯಾರೆ ಹಚ್ಚಿ ಕಳಿಸಬೇಕು ಅನ್ನಿಸಿತು. ಬಾಗಿಲು ಮುಂದೆ ಮಾಡಿ ದೇವರ ಗೂಡಿನ ಭರಣಿ ತೆಗೆದೆ. ಸಾರಿಗೆ ಹಾಕುವ ಅರಿಶಿನವನ್ನು ದಿನಾ ಮುಟ್ಟುತ್ತೇನೆ. ಆ ಭರಣಿಯನ್ನು ಮಾತ್ರ ನಿನ್ನ ಮಾವ ಹೋದ ಮೇಲೆ ಮುಟ್ಟಿರಲಿಲ್ಲ. ಕರಿ ಚೀಲ, ಅದರ ಒಳಗೆ ಮಡಿಕೆಯ ಕೆಳಗೆ. ಯಾರ ಕಣ್ಣಿಗೂ ಬೀಳುವುದಿಲ್ಲ ಅಂದುಕೊಂಡೆ. ಒಂದೊಂದು ಚೀಲಕ್ಕೆ ಹಚ್ಚುವಾಗಲೂ ಒಳ್ಳೆಯದಾಗಲಿ ಒಳ್ಳೆಯದಾಗಲಿ ಎಂದೆ. ಇಪ್ಪತ್ತೆಂಟು ಸಲ ಎಂದೆ.

ಯಮನಮ್ಮನಿಗೆ ಮುತ್ತೈದೆಯ ಕೈಯಿಂದ ಎಂದು ಮಾತು ಕೊಟ್ಟು ಅದನ್ನೂ ಮುರಿದೆ.

ಅರಿಶಿನ ಯಾರು ಹಚ್ಚಿದ್ದರೂ ಹೊಳೆಯುತ್ತಿತ್ತು ಎಂದು ನೀನು ಹೇಳುತ್ತೀ, ಗೊತ್ತು. ಓದಿದವಳು ಹೇಳಿದ್ದು ನಿಜವೇ ಇರಬೇಕು. ಆದರೆ ಆದಮ್ಮ ಹಚ್ಚಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಗಂಡನನ್ನು ಉಳಿಸಿಕೊಳ್ಳದ ಕೈ ನಿನ್ನ ಓದಿಗೂ ತಾಗಿತು. ಇನ್ನು ಚೀಲ, ಕಾಳು ಏನೇ ಬೇಕಾದರೂ ಆದಮ್ಮನಿಗೆ ಹೇಳು. ಅವಳ ನಂಬರ್ ಕಾಗದದ ಹಿಂದೆ ಬರೆದಿದ್ದೇನೆ.

ಅಕ್ಕ


ಬೆಳಕಿನ ವಿಜ್ಞಾನ ಕೇಂದ್ರ
4 ಜೂನ್ 2024

ಅಕ್ಕ,

ಆದಮ್ಮನ ನಂಬರನ್ನು ಹೊಡೆದು ಹಾಕಿದ್ದೇನೆ. ಈಗ ಬರೆಯುತ್ತಿರುವುದು ಸಮಾಧಾನದ ಮಾತೆಂದು ತಿಳಿಯಬೇಡ, ಮೇಡಂ ಒಪ್ಪಿ ಸಹಿ ಮಾಡಿದ ಪ್ರಯೋಗ ಇದು.

ನಮ್ಮ ಕಡೆ ಅರಿಶಿನ ತಾಗದ ಮನೆಯಿಲ್ಲ, ಕೈಯಿಲ್ಲ. ನನ್ನ ಯಂತ್ರ ಅಂಥ ಮನೆಗಳಿಗೆ ಹೋಗಬೇಕಾದರೆ ವಿಷ ಯಾವುದು, ಅರಿಶಿನ ಯಾವುದು ಎಂದು ಗುರುತಿಸಲು ಕಲಿಯಬೇಕು. ಅದಕ್ಕೆ ಐವತ್ತು ಖಾಲಿ ಚೀಲ ಬೇಕು, ಒಂದರಿಂದ ಐವತ್ತರವರೆಗೆ ನಂಬರ್ ಹಾಕಿದ್ದು. ಒಂದೇ ಬಟ್ಟಲಲ್ಲಿ ಕಲಸಿದ ಅರಿಶಿನವನ್ನು ಇಪ್ಪತ್ತಕ್ಕೆ ನೀನು ಹಚ್ಚು, ಇಪ್ಪತ್ತಕ್ಕೆ ಆದಮ್ಮ ಹಚ್ಚಲಿ, ಹತ್ತಕ್ಕೆ ಯಾರೂ ಬೇಡ. ಚೀಲಕ್ಕೆ ಒಂದೇ ಸಲ. ಯಾವ ನಂಬರ್ ಯಾರದು ಎಂಬ ಪಟ್ಟಿ ನಿನ್ನ ಹತ್ತಿರವೇ ಇರಲಿ, ನನಗೆ ಹೇಳಕೂಡದು. ಇಬ್ಬರೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಚ್ಚಿ. ನಿನ್ನ ಗೆರೆ ಕಂಡರೆ ನಾನು ಪಕ್ಷಪಾತ ಮಾಡಿಬಿಡುತ್ತೇನೆ.

ನನಗೋಸ್ಕರ ಮಾಡು.

ಉಮಾ


ಮಸ್ಕಿ
2 ಜುಲೈ 2024

ಉಮಾ,

ಹದಿನೈದು ದಿನ ನಿನ್ನ ಕಾಗದವನ್ನು ಮಷಿನ್ನಿನ ಡ್ರಾದಲ್ಲಿ ಇಟ್ಟುಬಿಟ್ಟಿದ್ದೆ. ದಾರದ ಬಾಬಿನ್ ಹುಡುಕುವಾಗಲೆಲ್ಲ ಕೈಗೆ ತಾಗುತ್ತಿತ್ತು. ಕಡೆಗೆ ಆದಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕಳು. "ನನ್ನ ಕೈಯಾಗ ಅಷ್ಟು ಒಳ್ಳೇದು ಇದ್ದಿದ್ರ ನಮ್ಮನಿಯವ್ರು ಕುಡಿಯೋದು ಬಿಡ್ತಿದ್ರಬೇ ಯಮನೂರಕ್ಕ. ತಾ, ಎಲ್ಲಿ ಐತಿ ಬಟ್ಟಲ?" ಎಂದು ತಾನೇ ಅರಿಶಿನ ಕಲಸಿದಳು.

ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಹಚ್ಚಿದೆವು. ಮೊದಲ ನಾಲ್ಕು ಚೀಲಕ್ಕೆ ಹಚ್ಚುವಾಗ ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಆಮೇಲೆ ಮರೆತೆ.

ಚೀಲ ಕಳಿಸಿದ್ದೇನೆ. ಆದರೆ ಒಂದು ಕೇಳುತ್ತೇನೆ, ನಿನ್ನ ಯಂತ್ರಕ್ಕೆ ಬೆಳಕು ಕಾಣುತ್ತದೆ ಸರಿ. ಶಕುನ ಕಾಣುತ್ತದೆಯೇ? ಕಾಣದಿದ್ದರೆ ಅದು ಹೇಳಿದ್ದನ್ನು ನಂಬಿ ನಾನೇನು ಮಾಡಲಿ?

ಅಕ್ಕ


ಬೆಳಕಿನ ವಿಜ್ಞಾನ ಕೇಂದ್ರ
30 ಜುಲೈ 2024

ಅಕ್ಕ,

ಐವತ್ತು ಚೀಲಗಳ ಹೊಳಪಿನ ಅಂಕಿಗಳು ಇನ್ನೊಂದು ಹಾಳೆಯಲ್ಲಿವೆ. ಯಾವುದು ಯಾರದೆಂದು ನನಗೆ ಗೊತ್ತಿಲ್ಲ. ನಿನ್ನ ಪಟ್ಟಿ ತೆಗೆದು ಹೊಂದಿಸು. ನಿನ್ನವು ಇಪ್ಪತ್ತನ್ನು ಕೂಡಿ ಇಪ್ಪತ್ತರಿಂದ ಭಾಗಿಸು, ಆದಮ್ಮನವನ್ನೂ ಹಾಗೇ ಮಾಡು. ಏನು ಬಂತೆಂದು ನೀನೇ ನನಗೆ ಬರೆಯಬೇಕು. ಈ ಕೇಂದ್ರದಲ್ಲಿ ಇಷ್ಟು ಜನ ಇದ್ದೇವೆ, ಆ ಉತ್ತರ ಮಸ್ಕಿಯಲ್ಲಿ ನಿನ್ನೊಬ್ಬಳ ಹತ್ತಿರ ಇದೆ.

ಶಕುನದ ಮಾತು ಕೇಳಿದ್ದೆಯಲ್ಲ. ಇಲ್ಲ, ನನ್ನ ಯಂತ್ರಕ್ಕೆ ಅದು ಕಾಣುವುದಿಲ್ಲ. ಕಾಣುವ ಯಂತ್ರ ಯಾರ ಬಳಿಯೂ ಇಲ್ಲ, ಯಮನಮ್ಮನ ಬಳಿಯೂ ಇಲ್ಲ. ನನಗೆ ಗೊತ್ತಿರುವುದು ಇಷ್ಟೇ. ಏಳನೆಯ ವಯಸ್ಸಿನಿಂದ ನನಗೆ ಆದ ಒಳ್ಳೆಯದೆಲ್ಲ ಆ ಒಂದು ಕೈಯಿಂದ ಆಗಿದೆ. ಅದಕ್ಕಿಂತ ಹೆಚ್ಚಿನ ಪುರಾವೆ ನಾನು ಎಲ್ಲಿಂದ ತರಲಿ?

ನಿನ್ನ,
ಉಮಾ


ಮಸ್ಕಿ
22 ಆಗಸ್ಟ್ 2024

ಉಮಾ,

ಎರಡು ಸಲ ಕೂಡಿ ಭಾಗಿಸಿದೆ. ಅರಿಶಿನವಿಲ್ಲದ ಹತ್ತು ಚೀಲ, ಮೂವತ್ತೊಂದು. ಆದಮ್ಮನದು ನಾಲ್ಕುನೂರ ಒಂಬತ್ತು. ನನ್ನದು ನಾಲ್ಕುನೂರ ಹನ್ನೆರಡು. "ನೀ ಒತ್ತಿ ಹಚ್ಚೀದಿ, ಅದಕ್ಕ ಮೂರು ಜಾಸ್ತಿ ಬಂದೈತಿ" ಎಂದು ಆದಮ್ಮ ವಾದ ಮಾಡಿದಳು. ಎರಡೂ ಒಂದೇ ಎಂದೇ ಲೆಕ್ಕವಲ್ಲವೇ? ನನಗೆ ಹಾಗೆ ಕಂಡಿತು.

ಅಂಕಿ ನೋಡಿ ಹೊಟ್ಟೆಯೊಳಗಿನದು ಎದ್ದು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಸರಿದು ಕೂತಿತು, ಅಷ್ಟೆ.

ನಿನ್ನೆಯ ಸಂಗತಿ ಕೇಳು. ಗಂಗಾಗೆ ಏಳು ತಿಂಗಳು, ನಾಳೆ ಸೀಮಂತ, ಕುಬಸದ ಕಾರ್ಯ. ಅವಳಿಗೆ ತೊಡಿಸುವ ಹಸಿರು ಕುಬಸ ನಾನೇ ಹೊಲಿದದ್ದು. ಒಯ್ಯಲು ಅತ್ತೆ ಸೊಸೆ ಇಬ್ಬರೂ ಬಂದರು. ಅರಿಶಿನ ಮುಟ್ಟಿಸದೆ ಕೊಡುವಂತಿಲ್ಲ, ಆದಮ್ಮ ಬೆಳಿಗ್ಗೆಯೇ ಸಿಂಧನೂರಿಗೆ ಹೋಗಿದ್ದಳು. ಬೇರೆ ಯಾರನ್ನಾದರೂ ಕರೆಯುತ್ತೇನೆ ಎಂದು ಎದ್ದೆ. ಎದ್ದವಳು ಹಾಗೇ ನಿಂತೆ. ಹೇಳದಿದ್ದರೆ ಇನ್ನು ಎಂದೂ ಹೇಳಲಾರೆ ಅನ್ನಿಸಿತು. "ಯಮನಮ್ಮ, ನಿನ್ನ ಬೀಜಕ್ಕ ಅರಿಷಿಣ ಹಚ್ಚಿದಾಕಿ ಆದಮ್ಮ ಅಲ್ಲ, ನಾನ" ಎಂದೆ.

ಯಮನಮ್ಮ ನನ್ನ ಮುಖ ನೋಡಿದಳು, ಕೈ ನೋಡಿದಳು. ಗಂಗಾ ಸೆರಗಿನ ತುದಿ ಹಿಂಡುತ್ತಿದ್ದಳು.

ಆಮೇಲೆ ಯಮನಮ್ಮ ಹೊರಗೆ ಇಣುಕಿ ರಸ್ತೆ ನೋಡಿದಳು. ಕುಬಸವನ್ನು ಮಡಿಕೆ ಬಿಚ್ಚಿ ನನ್ನ ಮುಂದೆ ಹಿಡಿದಳು. "ಲಗೂನ ಹಚ್ಚು, ಲಿಂಗಸುಗೂರು ಬಸ್ ಬರೋ ಹೊತ್ತಾತು" ಎಂದಳು.

ಹಚ್ಚಿದೆ. ಸ್ವಲ್ಪ ಸೊಟ್ಟಗಾಯಿತು. ಗಂಗಾ ಅದನ್ನು ಹಾಗೇ ಮಡಿಚಿ ಎದೆಗೆ ಹಿಡಿದುಕೊಂಡು ಬಸ್ಸು ಹತ್ತಿದಳು.

ನಾಳೆಯ ಕಾರ್ಯಕ್ಕೆ ನನ್ನನ್ನೂ ಬರಹೇಳಿದ್ದಾರೆ. ಯಾವ ಸೀರೆ ಉಡಲಿ, ತಿಳಿಯುತ್ತಿಲ್ಲ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಉಟ್ಟು, ಹೋಗಿ, ಬಂದಾಗಿರುತ್ತದೆ.

ನಿನ್ನ ಅಕ್ಕ,
ಯಮನೂರಮ್ಮ